ಸೈಕಲ್ ಲೈಟಿನ ನಾಲ್ಕು ಕಡ್ಡಿ: ಬ್ಯಾಟರಿ ಎಷ್ಟು ಉಳಿದಿದೆ ಎಂದು ಅದಕ್ಕೆ ನಿಜವಾಗಿ ಗೊತ್ತೇ?

ಧಾರವಾಡದ ಮಾಳಮಡ್ಡಿಯಲ್ಲಿ ಬೆಳಗಿನ ಐದು ಗಂಟೆ ಎಂದರೆ ಇನ್ನೂ ರಾತ್ರಿಯೇ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಆಸುಪಾಸಿಗೆ. ಪೇಪರ್ ಹಾಕುವ ಹುಡುಗರು, ಹಾಲಿನವರು, ರೈಲು ಹಿಡಿಯಲು ಸ್ಟೇಷನ್ ಕಡೆ ಹೊರಟವರು ಆ ಎರಡು ತಾಸು ಕತ್ತಲಲ್ಲೇ ಓಡಾಡುತ್ತಾರೆ. ನವೆಂಬರ್ ಕೊನೆಯಲ್ಲಿ ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುವುದರಿಂದ ಟ್ಯೂಷನ್ ಮುಗಿಸಿ ಬರುವ ಮಕ್ಕಳ ಸೈಕಲ್‌ಗಳೂ ಕತ್ತಲಲ್ಲೇ ಮನೆ ಸೇರುತ್ತವೆ.

ನಮ್ಮ ಬಳಗದ ಒಬ್ಬರು ಹೀಗೇ ಒಂದು ಸಂಜೆ ಸೈಕಲ್ ಮೇಲೆ ಬರುತ್ತಿದ್ದರು. ಹೊರಡುವಾಗ ಹಿಂದಿನ ಲೈಟಿನ ಇಂಡಿಕೇಟರ್ ಹಸಿರು ತೋರಿಸಿತ್ತು. ಅರ್ಧ ದಾರಿಯಲ್ಲಿ ಬೈಕಿನವರೊಬ್ಬರು ಪಕ್ಕಕ್ಕೆ ಬಂದು, "ಅಕ್ಕಾರ, ಹಿಂದಿನ ಲೈಟ್ ಬಂದ್ ಆಗೇತ್ರಿ" ಎಂದು ಹೇಳಿ ಮುಂದೆ ಹೋದರು. ಅದು ಯಾವಾಗ ಆರಿತ್ತು, ಎಷ್ಟು ದೂರ ಹಾಗೇ ಬಂದರು ಎಂಬುದು ಇವತ್ತಿಗೂ ಅವರಿಗೆ ತಿಳಿದಿಲ್ಲ. ಮುಂದಿನ ಲೈಟ್ ಆರಿದರೆ ನಮಗೇ ಕಾಣುತ್ತದೆ. ಹಿಂದಿನದು ಆರಿದರೆ ನಮ್ಮನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಾಗುತ್ತದೆ. ಅದನ್ನು ನೋಡಬೇಕಾದವನೇ ಹಿಂದಿನಿಂದ ಬರುವ ಲಾರಿಯವನು.

ಈಗ ಆನ್‌ಲೈನಿನಲ್ಲಿ ಸಿಗುವ ಸೈಕಲ್ ಲೈಟ್‌ಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿ ಇಂಡಿಕೇಟರ್ ಇರುತ್ತದೆ. ಕೆಲವಕ್ಕೆ ನಾಲ್ಕು ಕಡ್ಡಿ, ಕೆಲವಕ್ಕೆ ಹಸಿರು-ಕೆಂಪು ಚುಕ್ಕೆ, ಇನ್ನು ಕೆಲವಕ್ಕೆ ಶೇಕಡಾ ಲೆಕ್ಕದ ಪುಟ್ಟ ಪರದೆ. ಜೊತೆಗೆ ಬ್ಯಾಟರಿ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವ ಸಲಹೆಗಳಿಗೆ ಲೆಕ್ಕವೇ ಇಲ್ಲ. ಮೊದಲ ಸಲ ಎಂಟು ತಾಸು ಚಾರ್ಜ್ ಮಾಡಿ, ಪೂರ್ತಿ ಖಾಲಿಯಾದ ಮೇಲೇ ಮತ್ತೆ ಚಾರ್ಜಿಗೆ ಹಾಕಿ, ಫ್ರಿಜ್ಜಿನಲ್ಲಿಡಿ, ಮೊಬೈಲಿನ ಫಾಸ್ಟ್ ಚಾರ್ಜರ್ ಹಾಕಿದರೆ ಸಿಡಿಯುತ್ತದೆ ಎಂದೆಲ್ಲ ಅವು ಹೇಳುತ್ತವೆ. ಇವುಗಳನ್ನು ಆಮೇಲೆ ನೋಡೋಣ. ಮೊದಲು ಆ ಹಸಿರು ಚುಕ್ಕೆ ಏಕೆ ಸುಳ್ಳು ಹೇಳಿತು ಎಂದು ತಿಳಿಯೋಣ ಬನ್ನಿ.

ಒಲೆಯ ಉರಿ ನೋಡಿ ಸಿಲಿಂಡರ್ ಅಳೆದಂತೆ

ಅಡುಗೆ ಗ್ಯಾಸ್ ಸಿಲಿಂಡರ್ ನೆನಪಿಸಿಕೊಳ್ಳಿ. ತುಂಬಿದ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ದ್ರವರೂಪದಲ್ಲಿ ಇರುತ್ತದೆ. ಒಳಗೆ ಒಂದಿಷ್ಟು ದ್ರವ ಇರುವ ತನಕ ಅದರ ಮೇಲಿನ ಅನಿಲದ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಹತ್ತು ಕೆಜಿ ಉಳಿದಾಗಲೂ, ಎರಡು ಕೆಜಿ ಉಳಿದಾಗಲೂ ಒಲೆಯ ಉರಿ ಒಂದೇ ಥರ. ಕೊನೆಯ ದಿನ ಒಮ್ಮೆಲೇ ಕುಗ್ಗಿ, ಅರ್ಧ ಬೆಂದ ಬೇಳೆಯ ಮುಂದೆ ಆರಿಹೋಗುತ್ತದೆ. ಉರಿ ನೋಡಿ ಗ್ಯಾಸ್ ಎಷ್ಟು ಉಳಿದಿದೆ ಎಂದು ಯಾವ ಗೃಹಿಣಿಯೂ ಹೇಳುವುದಿಲ್ಲ. ಹೊಸ ಸಿಲಿಂಡರ್ ಹಚ್ಚಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು ದಿನ ಎಣಿಸುತ್ತಾರೆ.

ಸೈಕಲ್ ಲೈಟಿನ ಲಿಥಿಯಂ-ಅಯಾನ್ ಬ್ಯಾಟರಿಯದ್ದೂ ಬಹುತೇಕ ಇದೇ ಕಥೆ. ಇಲ್ಲಿ ಒತ್ತಡದ ಜಾಗದಲ್ಲಿ ವೋಲ್ಟೇಜ್ ಇದೆ. ಪೂರ್ತಿ ಚಾರ್ಜ್ ಆದ ಒಂದು ಸೆಲ್ 4.2 ವೋಲ್ಟ್ ಇರುತ್ತದೆ, ಸುಮಾರು 3 ವೋಲ್ಟಿಗೆ ಇಳಿದರೆ ಖಾಲಿ ಎಂದೇ ಲೆಕ್ಕ. ಆದರೆ ಈ ಇಳಿತ ಮೆಟ್ಟಿಲಿನಂತೆ ಒಂದೇ ಸಮ ಅಲ್ಲ. ಆರಂಭದಲ್ಲಿ ಸ್ವಲ್ಪ ಬೇಗ ಇಳಿಯುತ್ತದೆ. ಆಮೇಲೆ ಬಹುಹೊತ್ತು 3.9ರಿಂದ 3.5ರ ನಡುವೆ ನಿಧಾನವಾಗಿ ಜಾರುತ್ತದೆ. ಬ್ಯಾಟರಿಯ ಬಹುಪಾಲು ವಿದ್ಯುತ್ತು ಖರ್ಚಾಗುವುದು ಈ ಸಣ್ಣ ಅಂತರದಲ್ಲೇ. ಅದರ ನಂತರ ಬಂಡೆಯಂಚಿನಿಂದ ಬಿದ್ದಂತೆ ಕೆಳಗೆ.

ಅಗ್ಗದ ಲೈಟಿನ ಇಂಡಿಕೇಟರ್ ನೋಡುವುದು ಈ ವೋಲ್ಟೇಜನ್ನು ಮಾತ್ರ. ಒಳಗಿನ ಪುಟ್ಟ ಚಿಪ್ಪಿನಲ್ಲಿ ಮೂರ್ನಾಲ್ಕು ಗಡಿ ಹಾಕಿರುತ್ತಾರೆ. ಉದಾಹರಣೆಗೆ 3.9ಕ್ಕಿಂತ ಮೇಲಿದ್ದರೆ ನಾಲ್ಕು ಕಡ್ಡಿ, 3.7ಕ್ಕಿಂತ ಮೇಲಿದ್ದರೆ ಮೂರು, ಹೀಗೆ. ಆ ಗಡಿಗಳನ್ನು ತಯಾರಕರು ಎಲ್ಲಿ ಹಾಕಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ನಾಲ್ಕು ಕಡ್ಡಿಯೆಂದರೆ ಒಂದೊಂದಕ್ಕೆ ಕಾಲು ಭಾಗ ಬ್ಯಾಟರಿ ಎಂದು ನಾವು ಓದಿಕೊಳ್ಳುತ್ತೇವೆ. ಚಿಪ್ಪು ಆ ಮಾತು ಎಲ್ಲೂ ಹೇಳಿಲ್ಲ. ಮೊದಲ ಕಡ್ಡಿ ಇಳಿಯಲು ಒಂದೂವರೆ ತಾಸು, ಕೊನೆಯ ಕಡ್ಡಿಗೆ ಹತ್ತೇ ನಿಮಿಷ ಎಂಬಂತಹ ಲೈಟುಗಳೂ ಇರಲು ಸಾಧ್ಯ.

ಆರಿಸಿಟ್ಟರೆ ಕಡ್ಡಿ ಏರುತ್ತದೆ, ಅದು ಚಾರ್ಜ್ ಅಲ್ಲ

ಇನ್ನೊಂದು ಸಂಗತಿ ನಿಮಗೂ ಅನುಭವಕ್ಕೆ ಬಂದಿರಬಹುದು. ಲೈಟ್ ಹತ್ತಿರುವಾಗ ಒಂದೇ ಕಡ್ಡಿ ಇತ್ತು. ಆರಿಸಿ, ಚಹಾ ಕುಡಿದು ಬಂದು ಮತ್ತೆ ಹಚ್ಚಿದರೆ ಎರಡು ಕಡ್ಡಿ! ಬ್ಯಾಟರಿಗೆ ವಿಶ್ರಾಂತಿ ಕೊಟ್ಟರೆ ತಾನೇ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಇಂಥ ಅನುಭವದಿಂದಲೇ ಇರಬೇಕು.

ನಿಜ ಏನೆಂದರೆ, ಬ್ಯಾಟರಿಯ ಒಳಗೂ ಒಂದಿಷ್ಟು ವಿದ್ಯುತ್ ರೋಧ ಇರುತ್ತದೆ. ಹಳತಾದ ಒಂದು ಸೆಲ್ಲಿನ ಒಳರೋಧ 0.1 ಓಮ್ ಎಂದುಕೊಳ್ಳಿ. ಮುಂದಿನ ಲೈಟನ್ನು ಅತಿ ಪ್ರಕಾಶದ ಮೋಡಿನಲ್ಲಿ ಹಚ್ಚಿದಾಗ ಅದು 2 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 0.2 ವೋಲ್ಟ್. ಅಂದರೆ ಲೈಟ್ ಹತ್ತಿರುವಷ್ಟೂ ಹೊತ್ತು ಇಂಡಿಕೇಟರಿಗೆ ಕಾಣುವ ವೋಲ್ಟೇಜ್ ಇರಬೇಕಾದ್ದಕ್ಕಿಂತ 0.2 ಕಡಿಮೆ. ಬಹುಪಾಲು ಬ್ಯಾಟರಿ ಖರ್ಚಾಗುವ ಇಡೀ ಅಂತರವೇ 0.4 ವೋಲ್ಟ್ ಎಂದು ಮೇಲೆ ನೋಡಿದೆವಲ್ಲ, ಅದರಲ್ಲಿ ಅರ್ಧ ಇಲ್ಲೇ ಹೋಯಿತು. ಆರಿಸಿದ ಕೂಡಲೇ ಈ ಕುಸಿತ ಮಾಯವಾಗಿ ಕಡ್ಡಿ ಏರುತ್ತದೆ. ಮನೆಯ ಮೇಲಿನ ಟ್ಯಾಂಕಿನ ನೀರು ಒಂದೇ ಸಮಯಕ್ಕೆ ಮೂರು ನಳದಲ್ಲಿ ಬಿಟ್ಟರೆ ಧಾರೆ ಸಣ್ಣಗಾಗುತ್ತದೆ, ಎರಡು ಬಂದ್ ಮಾಡಿದರೆ ದಪ್ಪಗಾಗುತ್ತದೆ. ಟ್ಯಾಂಕಿಗೆ ನೀರೇನೂ ಬಂದಿರುವುದಿಲ್ಲ.

ಇದರಿಂದ ಹೊರಡುವ ಒಂದು ಉಪಯುಕ್ತ ಮಾತು: ಮನೆಯಲ್ಲಿ ಲೈಟಿನ ಬಟನ್ ಒತ್ತಿ ಒಂದು ಕ್ಷಣ ನೋಡಿದ ಕಡ್ಡಿಗಳನ್ನು ನಂಬಬೇಡಿ. ನೀವು ರಸ್ತೆಯಲ್ಲಿ ಬಳಸುವ ಮೋಡಿನಲ್ಲೇ ಒಂದೆರಡು ನಿಮಿಷ ಹಚ್ಚಿಟ್ಟು ಆಮೇಲೆ ನೋಡಿ.

ಮುದಿ ಬ್ಯಾಟರಿಯ ನಾಲ್ಕು ಕಡ್ಡಿ

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನರನ್ನು ಮೋಸಗೊಳಿಸುವುದು ಇದು. ಲಿಥಿಯಂ-ಅಯಾನ್ ಬ್ಯಾಟರಿ ಬಳಸಿದಷ್ಟೂ, ಬಳಸದೆ ಇಟ್ಟರೂ ಮುದಿಯಾಗುತ್ತದೆ. ಕೆಲವು ನೂರು ಸಲ ಪೂರ್ತಿ ಚಾರ್ಜ್ ಮಾಡಿ ಖಾಲಿ ಮಾಡುವಷ್ಟರಲ್ಲಿ ಅದರ ಸಾಮರ್ಥ್ಯ ಗಣನೀಯವಾಗಿ ತಗ್ಗಿರುತ್ತದೆ. ಬಿಸಿಲಿಗೆ ಬಿಟ್ಟರೆ ಇನ್ನೂ ಬೇಗ. ಆದರೆ ಎಷ್ಟೇ ಮುದಿಯಾಗಲಿ, ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜ್ ಅದೇ 4.2. ಆದ್ದರಿಂದ ಇಂಡಿಕೇಟರ್ ಮೂರು ವರ್ಷದ ಹಿಂದೆ ತೋರಿಸಿದ ನಾಲ್ಕೇ ಕಡ್ಡಿಯನ್ನು ಇವತ್ತೂ ತೋರಿಸುತ್ತದೆ. ದೊಡ್ಡ ಸಿಲಿಂಡರ್ ತೆಗೆದು ಯಾರೋ ಗುಟ್ಟಾಗಿ 5 ಕೆಜಿಯ ಸಣ್ಣ ಸಿಲಿಂಡರ್ ಇಟ್ಟುಹೋದರೆ ಒಲೆಯ ಉರಿಯಲ್ಲಿ ವ್ಯತ್ಯಾಸ ಕಾಣುತ್ತದೆಯೇ? ಇಲ್ಲ. ಅಡುಗೆ ಎಷ್ಟು ದಿನ ನಡೆಯುತ್ತದೆ ಎಂಬುದಷ್ಟೇ ಬದಲಾಗುತ್ತದೆ.

ಪೇಪರ್ ಹಾಕುವ ಹುಡುಗನೊಬ್ಬ ಹೋದ ವರ್ಷ "ಎರಡು ಕಡ್ಡಿ ಇದ್ದರೆ ಸಾಕು, ಒಂದು ಸುತ್ತು ಮುಗಿಯುತ್ತದೆ" ಎಂದು ಕಲಿತಿರುತ್ತಾನೆ. ಆಗ ಅದು ಸರಿಯೇ ಇತ್ತು. ಈ ವರ್ಷ ಅದೇ ಎರಡು ಕಡ್ಡಿ ಅವನನ್ನು ಅರ್ಧ ಸುತ್ತಿನಲ್ಲಿ ಕೈಬಿಡುತ್ತದೆ.

ಹಳೆಯ ಟಾರ್ಚ್‌ಗಳಲ್ಲಿ ಈ ತೊಂದರೆ ಇರಲಿಲ್ಲ. ಶೆಲ್ ಮುಗಿಯುತ್ತ ಬಂದಂತೆ ಬಲ್ಬ್ ಹಳದಿಯಾಗಿ, ಕೆಂಪಾಗಿ, ಸಾಯಲು ತಾಸುಗಟ್ಟಲೆ ಹಿಡಿಯುತ್ತಿತ್ತು. ಇಂಡಿಕೇಟರಿನ ಕೆಲಸವನ್ನು ಬಲ್ಬೇ ಮಾಡುತ್ತಿತ್ತು. ಈಗಿನ ಒಳ್ಳೆಯ ಎಲ್‌ಇಡಿ ಲೈಟ್‌ಗಳಲ್ಲಿ ಬೆಳಕು ಸಮನಾಗಿರಲೆಂದು ಒಂದು ನಿಯಂತ್ರಕ ಸರ್ಕ್ಯೂಟ್ ಇರುತ್ತದೆ. ಬ್ಯಾಟರಿ ಹಾಳಾಗದಿರಲೆಂದು ವೋಲ್ಟೇಜ್ ತೀರಾ ಇಳಿದಾಗ ಸಂಪರ್ಕ ಕಡಿಯುವ ಇನ್ನೊಂದು ಸರ್ಕ್ಯೂಟ್ ಇರುತ್ತದೆ. ಎರಡೂ ಒಳ್ಳೆಯವೇ. ಆದರೆ ಎರಡೂ ಸೇರಿದ ಫಲ, ಕೊನೆಯವರೆಗೂ ಚೆನ್ನಾಗಿ ಉರಿದು ಒಮ್ಮೆಲೇ ಕತ್ತಲು. ಕೆಲವು ಲೈಟ್‌ಗಳು ಆರುವ ಮೊದಲು ತಾವಾಗಿಯೇ ಮಂದವಾಗಿ ಇನ್ನಷ್ಟು ಹೊತ್ತು ಉರಿಯುತ್ತವೆ. ಕೊಳ್ಳುವಾಗ ಕಡ್ಡಿಗಳ ಸಂಖ್ಯೆಗಿಂತ ಈ ಗುಣವನ್ನು ವಿಚಾರಿಸುವುದು ಮೇಲು.

ಶೇಕಡಾ ತೋರಿಸಿದರೆ ಹೆಚ್ಚು ನಿಖರವೇ?

ಪರದೆಯ ಮೇಲೆ 63 ಎಂದು ಕಂಡರೆ ಕಡ್ಡಿಗಿಂತ ಹೆಚ್ಚು ನಂಬಿಕೆ ಬರುತ್ತದೆ. ಆದರೆ ಅದೇ ವೋಲ್ಟೇಜನ್ನು ನೋಡಿ ಕಡ್ಡಿಯ ಬದಲು ಅಂಕಿ ತೋರಿಸಿದರೆ ನಿಖರತೆಯೇನೂ ಹೆಚ್ಚುವುದಿಲ್ಲ.

ನಿಜವಾಗಿ ಬೇರೆ ವಿಧಾನವೊಂದಿದೆ. ಬ್ಯಾಟರಿಗೆ ಎಷ್ಟು ವಿದ್ಯುತ್ತು ಹೋಯಿತು, ಎಷ್ಟು ಹೊರಬಂತು ಎಂದು ಎಣಿಸುತ್ತ ಹೋಗುವುದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಜಮಾ-ಖರ್ಚು ಬರೆಯುವ ಲೆಕ್ಕ ಇದು. ನಿಮ್ಮ ಮೊಬೈಲಿನಲ್ಲಿ ಸಾಮಾನ್ಯವಾಗಿ ಇರುವುದು ಇಂಥದ್ದೇ. ಕೆಲವು ದುಬಾರಿ ಸೈಕಲ್ ಲೈಟ್‌ಗಳು ಇದರ ಆಧಾರದ ಮೇಲೆ ಈಗಿನ ಮೋಡಿನಲ್ಲಿ ಇನ್ನೆಷ್ಟು ತಾಸು ಉರಿಯುತ್ತದೆ ಎಂದೂ ತೋರಿಸುತ್ತವೆ. ಇದು ಖಂಡಿತ ಉತ್ತಮ. ಆದರೂ ಪುಸ್ತಕದಲ್ಲಿ ಸಣ್ಣ ಸಣ್ಣ ತಪ್ಪುಗಳು ಸೇರುತ್ತ ಹೋಗುತ್ತವೆ, ಆಗಾಗ ಪೂರ್ತಿ ಚಾರ್ಜ್ ಮಾಡಿದಾಗ ಲೆಕ್ಕ ಮತ್ತೆ ಸರಿಯಾಗುತ್ತದೆ. ಹಳೆಯ ಮೊಬೈಲ್ 15 ಶೇಕಡಾ ಇದ್ದಾಗಲೇ ಪಟ್ಟನೆ ಬಂದ್ ಆಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಬ್ಬಿಯ ಮೇಲಿನ ತಾಸುಗಳು, ಎಂಎಎಚ್, ಲೂಮೆನ್

ಇಂಡಿಕೇಟರ್ ಇರಲಿ, ಡಬ್ಬಿಯ ಮೇಲೆ "8 ತಾಸು" ಎಂದು ಬರೆದಿದೆಯಲ್ಲ ಎನ್ನಬಹುದು. ಟಾರ್ಚ್‌ಗಳನ್ನು ಅಳೆಯಲು ಎಎನ್‌ಎಸ್‌ಐ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡವೊಂದು ಚಾಲ್ತಿಯಲ್ಲಿದೆ. ಅದರ ಪ್ರಕಾರ, ಹಚ್ಚಿದ 30 ಸೆಕೆಂಡಿಗೆ ಇದ್ದ ಬೆಳಕು ಅದರ 10 ಶೇಕಡಾಕ್ಕೆ ಇಳಿಯುವವರೆಗಿನ ಸಮಯವನ್ನು ಉರಿಯುವ ಅವಧಿ ಎಂದು ಬರೆಯಬಹುದು. ಅಂದರೆ ಎಂಟು ತಾಸಿನಲ್ಲಿ ಕೊನೆಯ ಎಷ್ಟೋ ತಾಸು ಮಿಣುಕು ಬೆಳಕೇ ಇದ್ದರೂ ಲೆಕ್ಕ ತಪ್ಪಲ್ಲ. ಮಾನದಂಡವನ್ನು ಪಾಲಿಸುವವರ ಮಾತು ಇದು. ಪಾಲಿಸದವರು ಏನನ್ನು ಅಳೆದರೋ ಅವರಿಗೇ ಗೊತ್ತು.

ಬ್ಯಾಟರಿ ಸಾಮರ್ಥ್ಯದ ವಿಷಯದಲ್ಲಿ ಮಾತ್ರ ಸುಳ್ಳನ್ನು ನೀವೇ ಹಿಡಿಯಬಹುದು. ಹಲವು ಲೈಟ್‌ಗಳಲ್ಲಿ ಇರುವುದು 18650 ಎಂಬ ಅಳತೆಯ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂಬುದೇ ಆ ಹೆಸರಿನ ಅರ್ಥ. ಒಳ್ಳೆಯ ಕಂಪನಿಗಳು ಇಷ್ಟು ಜಾಗದಲ್ಲಿ ತುಂಬಿಸಿರುವುದು ಸುಮಾರು 3,500 ಎಂಎಎಚ್ ತನಕ. ಅಂಥ ಒಂದೇ ಸೆಲ್ ಮೇಲೆ 9,900 ಎಂಎಎಚ್ ಎಂದು ಅಚ್ಚು ಹಾಕಿದ್ದರೆ ಅದು ಬರೀ ಅಚ್ಚು. ನಿಜವಾದ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡಿದಾಗ 30 ಗ್ರಾಂ ಬಂದರೆ ಒಳಗೆ ಏನು ಕಡಿಮೆಯಾಗಿದೆ ಎಂದು ಊಹಿಸಬಹುದು.

ಲೂಮೆನ್ ಲೆಕ್ಕವೂ ಹೀಗೇ. ಬಿಳಿ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100ರಿಂದ 150 ಲೂಮೆನ್ ಬೆಳಕು ಕೊಡುತ್ತದೆ. ಹಾಗಾದರೆ 10,000 ಲೂಮೆನ್ ಬೇಕಿದ್ದರೆ ಕನಿಷ್ಠ 65 ವ್ಯಾಟ್ ಬೇಕು. 2,000 ಎಂಎಎಚ್ ಸೆಲ್ಲಿನಲ್ಲಿ ಇರುವ ಶಕ್ತಿ 7.4 ವ್ಯಾಟ್-ಅವರ್. ಭಾಗಿಸಿ ನೋಡಿ, ಏಳು ನಿಮಿಷವೂ ಆಗುವುದಿಲ್ಲ. ಅಂಗೈ ಅಗಲದ ಲೈಟ್ ಅಷ್ಟು ಶಾಖವನ್ನು ತಡೆಯುವುದೂ ಇಲ್ಲ. ಇಷ್ಟಕ್ಕೂ ಎದುರು ಬರುವವರ ಕಣ್ಣು ಕುಕ್ಕುವಷ್ಟು ಬೆಳಕು ಊರೊಳಗಿನ ರಸ್ತೆಗೆ ಯಾರಿಗೂ ಬೇಕಿಲ್ಲ.

ಇನ್ನು ಫಾರ್ವರ್ಡ್‌ಗಳ ಕಡೆಗೆ

ಮೊದಲ ಸಲ ಎಂಟು ತಾಸು, ಪೂರ್ತಿ ಖಾಲಿ ಮಾಡಿ ಚಾರ್ಜ್ ಎಂಬೆರಡೂ ನಿಕಲ್ ಬ್ಯಾಟರಿಗಳ ಕಾಲದ ಮಾತುಗಳು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅದು ಆ ಅರ್ಧವನ್ನೇ ರೂಢಿ ಮಾಡಿಕೊಳ್ಳುತ್ತದೆ ಎಂಬ ಮಾತಿಗೆ ಒಂದಿಷ್ಟು ಆಧಾರ ಇತ್ತು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಈ ಮಾತು ಅನ್ವಯಿಸುವುದಿಲ್ಲ. ಈ ಬ್ಯಾಟರಿಗಾಗಿ 2019ರಲ್ಲಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಬ್ಯಾಟರಿ ಬದಲಾಗಿ ಮೂರು ದಶಕ ದಾಟಿದರೂ ಸಲಹೆ ಹಳೆಯದೇ ಓಡುತ್ತಿದೆ. ಲಿಥಿಯಂ ಬ್ಯಾಟರಿಯನ್ನು ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ. ಅರ್ಧ ಇದ್ದಾಗ ಚಾರ್ಜಿಗೆ ಹಾಕುವುದೇ ಅದಕ್ಕೆ ಹಿತ.

ಫ್ರಿಜ್ಜಿನಿಂದ ತೆಗೆದ ಲೈಟಿನ ಒಳಗೆ ಹನಿ ಕಟ್ಟುತ್ತದೆ, ಬೇಡ. ಧಾರವಾಡದ ಚಳಿಗೆ ಬ್ಯಾಟರಿ ಸೋಲುತ್ತದೆ ಎಂಬ ಭಯವೂ ಬೇಡ. ಹಿಮ ಬೀಳುವ ದೇಶಗಳ ಸಲಹೆ ಅದು. ನಮ್ಮಲ್ಲಿ ಶತ್ರು ಶಾಖ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಪೂರ್ತಿ ಚಾರ್ಜ್ ಆದ ಲೈಟ್ ಬಿಟ್ಟುಹೋಗಬೇಡಿ.

ಫಾಸ್ಟ್ ಚಾರ್ಜರ್ ವಿಷಯ: ಆ ಚಾರ್ಜರ್ ಹೆಚ್ಚಿನ ವೋಲ್ಟೇಜ್ ಕೊಡುವುದು ಎದುರಿನ ಉಪಕರಣ ಕೇಳಿದಾಗ ಮಾತ್ರ. ಕೇಳದಿದ್ದರೆ ಮಾಮೂಲಿ 5 ವೋಲ್ಟ್. ಲೈಟ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದರೆ ಎರಡೂ ತುದಿಗೆ ಟೈಪ್-ಸಿ ಇರುವ ಕೇಬಲ್ ಹಾಕಿದಾಗ ಕೆಲವು ಲೈಟ್ ಚಾರ್ಜೇ ಆಗುವುದಿಲ್ಲ. ಕೆಟ್ಟಿದೆ ಎಂದು ಎಸೆಯುವ ಮೊದಲು ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್ ಹಾಕಿ ನೋಡಿ. ಬಹಳ ಸಲ ತಯಾರಕರು ಉಳಿಸಿದ ಎರಡು ಪುಟ್ಟ ರೆಸಿಸ್ಟರ್‌ಗಳೇ ಅದಕ್ಕೆ ಕಾರಣ. ಬ್ಯಾಟರಿ ಉಬ್ಬಿ ಲೈಟಿನ ಮುಚ್ಚಳ ಬಾಯಿ ಬಿಟ್ಟಿದ್ದರೆ ಮಾತ್ರ ಯಾವ ಕೇಬಲ್ಲೂ ಬೇಡ, ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಒತ್ತಿ ಸರಿಮಾಡಲು ಹೋಗಬೇಡಿ.

ಮಿನುಗುವ ಮೋಡಿನಲ್ಲಿ ಬ್ಯಾಟರಿ ಹೆಚ್ಚು ಬಾಳುತ್ತದೆ ಎಂಬುದು ನಿಜ, ಹೆಚ್ಚು ಹೊತ್ತು ಅದು ಆರಿಯೇ ಇರುತ್ತದೆ. ಮಿನುಗುವ ಒಂಟಿ ಚುಕ್ಕೆ ಎಷ್ಟು ದೂರದಲ್ಲಿದೆ ಎಂದು ಹಿಂದಿನ ಚಾಲಕರಿಗೆ ಅಂದಾಜು ಸಿಗುವುದು ಕಷ್ಟ ಎಂಬ ವಾದವೂ ಇದೆ. ಜರ್ಮನಿಯ ನಿಯಮ ಸೈಕಲ್‌ನಲ್ಲಿ ಮಿನುಗುವ ದೀಪವನ್ನು ಒಪ್ಪುವುದಿಲ್ಲ. ಅಲ್ಲಿ 2013ರವರೆಗೂ ಬಹುತೇಕ ಸೈಕಲ್‌ಗಳಿಗೆ ಡೈನಮೋ ದೀಪವೇ ಕಡ್ಡಾಯವಾಗಿತ್ತು. ನಮ್ಮ ಅಜ್ಜಂದಿರ ಕಪ್ಪು ಸೈಕಲ್ಲಿನ ಡೈನಮೋ ಅದೇ ಜಾತಿಯದ್ದು. ಟೈರಿಗೆ ಒತ್ತಿಕೊಂಡು ಗುರ್ರ್ ಎನ್ನುತ್ತ, ತುಳಿದಷ್ಟು ಹೊತ್ತೂ ಬೆಳಕು. ಅದಕ್ಕೆ ಇಂಡಿಕೇಟರೇ ಬೇಡ. ಆದರೆ ಹೆಸರಿನಲ್ಲೇ ಮಡ್ಡಿ ಇರುವ ಊರಲ್ಲಿ ಏರು ಬಂದಾಗ ಅದು ಮಂಕಾಗುತ್ತಿತ್ತು, ನಿಂತರೆ ಆರುತ್ತಿತ್ತು.

ಒಂದು ಸಂಜೆಯ ಪರೀಕ್ಷೆ

ನಿಮ್ಮ ಲೈಟಿನ ಕಡ್ಡಿಗೆ ಅರ್ಥ ಏನು ಎಂದು ತಿಳಿಯಲು ಇರುವ ದಾರಿ ಒಂದೇ. ಪೂರ್ತಿ ಚಾರ್ಜ್ ಮಾಡಿ. ದಿನವೂ ಬಳಸುವ ಮೋಡಿನಲ್ಲಿ ಹಚ್ಚಿ, ಮನೆಯಲ್ಲೇ ಇಡಿ. ಮುಂದಿನ ಲೈಟಾದರೆ ಫ್ಯಾನಿನ ಗಾಳಿಗೆ ಇಡಿ. ರಸ್ತೆಯಲ್ಲಿ ಸಿಗುವ ಗಾಳಿ ಇಲ್ಲದೆ ಬಿಸಿಯಾದರೆ ಕೆಲವು ಲೈಟ್‌ಗಳು ತಾವೇ ಮಂದವಾಗಿ ಲೆಕ್ಕ ಕೆಡಿಸುತ್ತವೆ. ಪ್ರತಿ ಕಡ್ಡಿ ಇಳಿದ ಹೊತ್ತು, ಕೆಂಪು ಚುಕ್ಕೆ ಬಂದ ಹೊತ್ತು, ಪೂರ್ತಿ ಆರಿದ ಹೊತ್ತು ಬರೆದುಕೊಳ್ಳಿ. ಎದುರು ಕೂತು ಕಾಯಬೇಕಿಲ್ಲ, ಮೊಬೈಲಿನಲ್ಲಿ ಕಾಲು ತಾಸಿಗೊಮ್ಮೆ ಅಲಾರಂ ಇಟ್ಟರೆ ಸಾಕು. ಪೂರ್ತಿ ಖಾಲಿ ಮಾಡಬೇಡಿ ಎಂದು ಈಗಷ್ಟೇ ಹೇಳಿದ್ದೆವು, ನಿಜ. ವರ್ಷಕ್ಕೆ ಎರಡು ಸಲ ಮಾಡಿದರೆ ಬ್ಯಾಟರಿಗೆ ಏನೂ ಆಗದು.

ಇದರಲ್ಲಿ ಮುಖ್ಯ ಅಂಕಿ ಒಂದೇ: ಕೆಂಪು ಬಂದ ಮೇಲೆ ಎಷ್ಟು ನಿಮಿಷ. ನಿಮ್ಮ ದಾರಿ ಇಪ್ಪತ್ತೈದು ನಿಮಿಷದ್ದಾಗಿ, ಕೆಂಪಿನ ನಂತರ ಲೈಟ್ ಉರಿದದ್ದು ಹನ್ನೆರಡು ನಿಮಿಷವಾದರೆ, ಕೆಂಪು ಕಂಡಾಗ ಹೊರಡಬಾರದು. ಆ ಅಂಕಿಯನ್ನು ಒಂದು ತುಂಡು ಟೇಪಿನ ಮೇಲೆ ತಾರೀಖಿನ ಸಮೇತ ಬರೆದು ಲೈಟಿಗೇ ಅಂಟಿಸಿ. ಆರು ತಿಂಗಳಿಗೆ ಮತ್ತೊಮ್ಮೆ ಮಾಡಿ, ಬ್ಯಾಟರಿ ಮುದಿಯಾಗಿದ್ದು ಆಗ ತಿಳಿಯುತ್ತದೆ. ಸಂಜೆಯ ಆ ಬೈಕಿನವರ ಮಾತು ಕೇಳಿದ ಮೇಲೆ ನಮ್ಮ ಬಳಗದವರು ಮಾಡಿದ್ದು ಇದನ್ನೇ. ಜೊತೆಗೆ, ದಾರಿಯಲ್ಲಿ ಸಿಗ್ನಲ್ಲಿಗೆ ಕಾಲೂರಿ ನಿಂತಾಗ ಒಮ್ಮೆ ಹಿಂದೆ ಬಾಗಿ ಸೀಟಿನ ಕೆಳಗೆ ನೋಡುವ ಅಭ್ಯಾಸವೂ ಅವರಿಗೆ ಆಗಿದೆ.

ಲೈಟ್ ಆರಿದರೂ ಉಳಿಯುವುದು ರಿಫ್ಲೆಕ್ಟರ್. ಅದಕ್ಕೆ ಬ್ಯಾಟರಿಯೂ ಇಲ್ಲ, ಕಡ್ಡಿಯೂ ಇಲ್ಲ. ಸೈಕಲ್ ರಿಫ್ಲೆಕ್ಟರ್‌ಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ಆದೇಶವನ್ನೇ ಹೊರಡಿಸಿದೆ. ಹೊಸ ಸೈಕಲ್‌ಗಳ ಮುಂದೆ, ಹಿಂದೆ, ಪೆಡಲ್ಲಿಗೆ, ಚಕ್ರಕ್ಕೆ ಅವು ಬರುತ್ತವೆ. ಚೆಂದ ಕಾಣುವುದಿಲ್ಲ ಎಂದು ಕಿತ್ತುಹಾಕುವವರನ್ನು ನಾವು ನೋಡಿದ್ದೇವೆ. ಹಿಂದಿನ ವಾಹನದ ಹೆಡ್‌ಲೈಟ್ ನೇರ ಬಿದ್ದಾಗ ಮಾತ್ರ ಅದು ಹೊಳೆಯುತ್ತದೆ, ಹಾಗಾಗಿ ಲೈಟಿಗೆ ಅದು ಬದಲಿಯಲ್ಲ. ಮಳೆಗಾಲದಲ್ಲಿ ಮಡ್‌ಗಾರ್ಡಿನಿಂದ ಹಾರಿದ ಕೆಂಪು ಕೆಸರು ಮೊದಲು ಮುಚ್ಚುವುದೂ ಹಿಂದಿನ ರಿಫ್ಲೆಕ್ಟರನ್ನೇ. ಲೈಟ್ ಚಾರ್ಜಿಗೆ ಹಾಕುವಾಗ ಒದ್ದೆ ಬಟ್ಟೆಯಿಂದ ಅದನ್ನೊಮ್ಮೆ ಒರೆಸಿ.